ಮುಗಿಸಿದವರಿಗೆ ಇನ್ನೂ ಹತ್ತು

ಮೂರನೆಯ ತರಗತಿಯ ಟೀಚರಿಗೆ ತರಬೇತಿ ಎಂದರೆ ಅಷ್ಟಕ್ಕಷ್ಟೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದವರು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ಪಾಠ ಕೇಳಬೇಕು. ಅದೂ ಜಾಣ ಮಕ್ಕಳ ಬಗ್ಗೆ!

"ಜಾಣರಿಗೆ ನಾವ್ಯಾಕಕ್ಕಾ? ತಾವೇ ಕಲ್ಕೋತಾರೆ," ಎಂದು ಪಕ್ಕದ ಎರಡನೆಯ ತರಗತಿಯ ಟೀಚರು ಪಿಸುಗುಟ್ಟಿದರು.

"ಸುಮ್ನಿರೇ, ಮೇಷ್ಟ್ರು ಈ ಕಡೇನೇ ಬರ್ತಿದಾರೆ."

ತರಬೇತಿ ಕೊಡಲು ಬಂದವರು ನಿವೃತ್ತ ಮೇಷ್ಟ್ರು. ತರಗತಿಯಲ್ಲಿ ತೀರಾ ಹಿಂದುಳಿದ ಮಗುವಿನ ಲೆಕ್ಕದ ಪುಸ್ತಕ ತನ್ನಿ ಎಂದು ಹಿಂದಿನ ದಿನವೇ ಹೇಳಿದ್ದರು. ಟೀಚರು ತರಗತಿಯವರೆಲ್ಲ 'ಆಮೆ' ಎನ್ನುವ ಹುಡುಗಿಯ ಪುಸ್ತಕ ತಂದಿದ್ದರು. ಅವಳಿಗೆ ಆ ಹೆಸರಿಟ್ಟವರೂ ಟೀಚರೇ. ಹತ್ತು ಲೆಕ್ಕ ಕೊಟ್ಟರೆ ನಾಲ್ಕು ಮಾಡಿ, ಕಿಟಕಿಯಾಚೆ ಕಣ್ಣು ನೆಟ್ಟು ಕೂರುತ್ತಿದ್ದಳು. ಪರೀಕ್ಷೆಯಲ್ಲೂ ಅಷ್ಟೆ. ಇನ್ನೊಂದು ವರ್ಷ ಮೂರನೆಯದರಲ್ಲೇ ಕೂರಿಸುವುದು ಒಳ್ಳೆಯದು ಎಂದು ಬರೆದು ಸಹಿ ಹಾಕಿದ ಹಾಳೆ ಅದೇ ಪುಸ್ತಕದೊಳಗಿತ್ತು. ನಾಳೆ ಹೆಡ್‌ಮೇಷ್ಟ್ರ ಕೈಗೆ ಕೊಡುವುದೊಂದೇ ಬಾಕಿ.

ಮೇಷ್ಟ್ರು ಅವಸರವಿಲ್ಲದೆ ಪುಟ ತಿರುವಿದರು.

"ಮಾಡಿದ ಲೆಕ್ಕ ಒಂದೂ ತಪ್ಪಿಲ್ವಲ್ಲಮ್ಮ?"

"ಮಾಡೋದೇ ನಾಲ್ಕು ಸರ್. ಮೈಗಳ್ಳಿ."

"ಹತ್ತೂ ಮುಗಿಸಿದೋರಿಗೆ ಏನ್ ಮಾಡ್ತೀರಿ?"

"ಸುಮ್ನೆ ಬಿಟ್ರೆ ಗಲಾಟೆ ಮಾಡ್ತವಲ್ಲ, ಅದಕ್ಕೇ ಇನ್ನೂ ಹತ್ತು..."

ಟೀಚರು ಪುಸ್ತಕ ಎಳೆದುಕೊಂಡು ಮೊದಲ ಪುಟಗಳಿಗೆ ಹೋದರು. ಶಾಲೆ ಶುರುವಾದ ವಾರ: ಹತ್ತು ಲೆಕ್ಕ, ಮತ್ತೆ ಹತ್ತು, ಮತ್ತೆ ಹತ್ತು. ಎಲ್ಲ ಅದೇ ನಮೂನೆಯವು, ಎಲ್ಲವೂ ಸರಿ, ಎಲ್ಲಕ್ಕೂ ತಮ್ಮದೇ ಕೆಂಪು ಗುರುತು. ಎರಡನೆಯ ವಾರದಿಂದ ನಾಲ್ಕಕ್ಕೆ ನಿಂತಿತ್ತು.

"ನಾನೂ ಮೂವತ್ತು ವರ್ಷ ಇದನ್ನೇ ಮಾಡ್ದೆ ತಾಯಿ," ಎಂದು ಮೇಷ್ಟ್ರು ಮುಂದಿನ ಬೆಂಚಿಗೆ ನಡೆದರು. ಬೈದಿದ್ದರೇ ವಾಸಿಯಿತ್ತು.

ಮರುದಿನ ಟೀಚರು ಎಂದಿನಂತೆ ಬೋರ್ಡಿನ ಮೇಲೆ ಹತ್ತು ಲೆಕ್ಕ ಬರೆದು, ಸೀಮೆಸುಣ್ಣದ ಕೈ ಒರೆಸಿಕೊಂಡು ಹುಡುಗಿಯ ಪಕ್ಕ ಕೂತರು. ನಾಲ್ಕು ಮುಗಿದಿತ್ತು; ಪೆನ್ಸಿಲ್ ಆಗಲೇ ಕೆಳಗೆ.

"ಉಳಿದದ್ದು ಬರುತ್ತೇನೇ ಪುಟ್ಟಿ?"

ಹುಡುಗಿ ಪೆನ್ಸಿಲನ್ನು ಇನ್ನಷ್ಟು ದೂರಕ್ಕೆ ಉರುಳಿಸಿದಳು.

"ಮುಗಿಸಿದ್ರೆ ಮತ್ತೆ ಹತ್ತು ಕೊಡಲ್ಲ. ನೀನೇ ನಂಗೊಂದು ಲೆಕ್ಕ ಕೊಡು. ಕಷ್ಟದ್ದು."

"ನಿಮ್ಗೆ ಬರ್ದೇ ಇದ್ರೆ?"

"ಆಗ ನಾನೂ ಆಮೆ."

ಹಿಂದಿನ ಬೆಂಚು ಕಿಸಕ್ಕೆಂದಿತು. ಹುಡುಗಿ ನಗಲಿಲ್ಲ. ನಂಬಬಹುದೋ ಬೇಡವೋ ಎಂಬಂತೆ ಟೀಚರ ಮುಖವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಉಳಿದ ಆರರ ಉತ್ತರವನ್ನು ಒಂದೇ ಉಸಿರಿಗೆ ಗೀಚಿ, ಹೊಸ ಪುಟ ತೆರೆದಳು.

ಟೀಚರು ಮೇಜಿಗೆ ಹೋಗಿ ಸಹಿಯ ಹಾಳೆಯನ್ನು ನಾಲ್ಕಾಗಿ ಹರಿದರು.

ಗಂಟೆ ಹೊಡೆಯುವ ಹೊತ್ತಿಗೆ ಹುಡುಗಿ ಲೆಕ್ಕ ತಂದಿಟ್ಟಳು. ಟೀಚರು ಎರಡು ಸಲ ಓದಿದರು, ಬೆರಳು ಮಡಚಿ ಎಣಿಸಿದರು, ಮತ್ತೆ ಓದಿದರು.

"ಮನೆಗೆ ತಗೊಂಡ್ ಹೋಗ್ಲೇನೇ?"

"ಹೂಂ ಟೀಚರ್. ಆದ್ರೆ ಅರ್ಧಕ್ಕೆ ಬಿಡಬಾರ್ದು."