ಯಾಡಿಯ ಮಾತು

ಶುಂಠಿ ಕೀಳುವ ಕೂಲಿ ಬಿಟ್ಟು ಸಾವಿತ್ರಿಬಾಯಿ ಬೆಳಗಿನಿಂದ ತಾಂಡಾದ ತನ್ನ ಮನೆ ಜಗಲಿಯಲ್ಲೇ ಕೂತಿದ್ದಳು. ಹೋದ ಸಲದ ಜನಗಣತಿಯವರು ಅವಳಿಲ್ಲದಾಗ ಬಂದು, ಅವಳ ಮಾತೃಭಾಷೆ ಇಂಥದ್ದೆಂದು ತಾವೇ ಬರೆದುಕೊಂಡು ಹೋಗಿದ್ದರು. ಕೆಟ್ಟವರೇನಲ್ಲ, ಕೇಳದೆ ಬರೆಯುವುದು ಅಭ್ಯಾಸವಾಗಿದ್ದವರು. ಈ ಸಲ ಎದುರು ಕೂತು 'ಲಂಬಾಣಿ' ಎಂದೇ ಬರೆಸಬೇಕು ಅವಳಿಗೆ.

ಈ ಸಲ ಗಣತಿಗೆ ಬಂದವಳು ಸೊರಬದ ಹೊಸಬಾಳೆಯ ಟೀಚರ್ ಯಶೋಧರಾ. ಮನೆ ತೋರಿಸಲು ಶಿರಾಳಕೊಪ್ಪದ ಅಂಗಡಿಯ ಮಲ್ಲಿಕಾರ್ಜುನ್, ಹೆಗಲ ಮೇಲೆ ಹಳದಿ ಕೆಂಪು ಶಾಲು. ಸಾವಿತ್ರಿಬಾಯಿ ಎದುರು ಮನೆಯವಳನ್ನು ಕೂಗಿ ಲಂಬಾಣಿಯಲ್ಲಿ ಎರಡು ಮಾತಾಡಿದ್ದೇ ತಡ, ಟೀಚರಮ್ಮನ ಹೆಬ್ಬೆರಳು ಮೊಬೈಲಿನಲ್ಲಿ 'ಹಿಂದಿ' ಒತ್ತಿಬಿಟ್ಟಿತು.

"ಎಂತ, ಹಿಂದಿ ಅಲ್ದಾ?"

"ಹಿಂದಿ ಯಾಕ್ರೀ?" ಮಲ್ಲಿಕಾರ್ಜುನ್ ಕೆರಳಿದ. "ಈ ನೆಲದ ಅನ್ನ ಉಂಡೋರು. ಕನ್ನಡ ಅಂತ ಬರೀರಿ."

"ಹೋದ್ವಾರ ಇನ್ನೊಬ್ಬ ಬಂದಿದ್ದ," ಎಂದಳು ಸಾವಿತ್ರಿಬಾಯಿ. "ಹಿಂದಿ ಅಂತ ಬರಸ್ರಿ, ದೇಶ ಒಂದಾಗತೈತಿ ಅಂದ. ನೀನು ಕನ್ನಡ ಬರಸು, ರಾಜ್ಯ ಉಳಿತೈತಿ ಅಂತೀಯ. ಯಪ್ಪಾ, ನಾನೊಬ್ಬಳು ಸುಳ್ಳು ಹೇಳಿದ್ರಷ್ಟೇ ನಿಲ್ಲೋವಂಥದ್ದೇನೋ ನಿಮ್ ದೇಶ, ನಿಮ್ ರಾಜ್ಯ?"

ಮಲ್ಲಿಕಾರ್ಜುನ್ ಶಾಲು ಸರಿಮಾಡಿಕೊಂಡ.

"ಹಂಗಾರೆ ಎಂತ ಬರೀಲಿ?" ಯಶೋಧರಾ ಕೇಳಿದಳು.

"ಮೇಡಂ, ನಿಮ್ದು ಮಂಗಳೂರಾ?"

"ಅಲ್ಲ ಅಮ್ಮ, ಇಲ್ಲೇ ಸೊರಬದ ಕಡೆ."

"ಎಂತ ಎಂತ ಅಂತಿದ್ರಲ್ಲ, ನಾನು ಆಗ್ಲೇ ಮನಸ್ನಾಗೆ ಮಂಗಳೂರು ಅಂತ ಬರ್ಕಂಡೆ ನೋಡ್ರಿ!"

ಶಿಕಾರಿಪುರದ ಗಣತಿ ತರಬೇತಿಯಲ್ಲೂ ಇದೇ 'ಎಂತ'ಕ್ಕೆ ಯಶೋಧರಾಳನ್ನು ಆಡಿಕೊಂಡಿದ್ದರು. ಅಲ್ಲಿ ಮುಖ ಕೆಂಪಾಗಿತ್ತು. ಇಲ್ಲಿ ನಗು ಉಕ್ಕಿತು. ಒತ್ತಿದ್ದನ್ನು ಅಳಿಸಿದಳು.

"ನಿಮ್ಮ ತಾಯಿ ನಿಮ್ಮತ್ರ ಯಾವ ಭಾಷೇಲಿ ಮಾತಾಡ್ತಿದ್ರು?"

"ಯಾಡಿನಾ? ಮಾತಾಡಿದ್ದು ಕಮ್ಮಿ, ಬೈದಿದ್ದೇ ಜಾಸ್ತಿ. ಬೈದಿದ್ದೆಲ್ಲ ಲಂಬಾಣಿಯಾಗೇ."

"ಯಾಡಿ ಅಂದ್ರೆ ಅವ್ವ ರೀ," ಎಂದ ಮಲ್ಲಿಕಾರ್ಜುನ್. ಇಪ್ಪತ್ತು ವರ್ಷ ತಾಂಡಾದವರ ಜೊತೆ ವ್ಯಾಪಾರ ಮಾಡಿದವನಿಗೆ ಅಷ್ಟೂ ಬಾರದೇ?

ಯಶೋಧರಾ ಒಂದೊಂದೇ ಅಕ್ಷರ ಒತ್ತಿ ಗಟ್ಟಿಯಾಗಿ ಓದಿದಳು. "ಲಂ-ಬಾ-ಣಿ. ಗೊತ್ತಿರೋ ಬೇರೆ ಭಾಷೆ?"

"ಕನ್ನಡ. ದಪ್ಪಕ್ಷರದಾಗೆ ಬರೀರಿ, ಇವನ ಹೊಟ್ಟೆನೂ ತಣ್ಣಗಾಗ್ಲಿ."

ಮಲ್ಲಿಕಾರ್ಜುನನೂ ನಕ್ಕ. ಒಲೆಯ ಕಡೆ ಎದ್ದ ಸಾವಿತ್ರಿಬಾಯಿ ಬಾಗಿಲಲ್ಲೇ ತಿರುಗಿ ನಿಂತಳು.

"ಎಂತ ಮೇಡಂ, ಚಾ ಕುಡೀತೀರಾ? ಅಷ್ಟರಾಗೆ ಆ ಲಂ-ಬಾ-ಣಿ ಇನ್ನೊಂದ್ಸಲ ಓದ್ರಿ."