ವಾಪಸ್ ಹೊಡೆದ ಬೆಲ್ಲು

೧೯೯೯ರಲ್ಲಿ ಚಿನ್ನದ ಗಣಿಯ ಊರಾದ ಆಂಡರ್ಸನ್‌ಪೇಟೆಯ ಆ ಬೀದಿಗೆಲ್ಲ ಇ-ಮೇಲ್ ಇದ್ದದ್ದು ವರಲಕ್ಷ್ಮಮ್ಮನ ಎಸ್‌ಟಿಡಿ ಬೂತಿನಲ್ಲಿ ಮಾತ್ರ. ಒಂದೇ ಕಂಪ್ಯೂಟರ್, ಒಂದೇ ಮೇಲ್‌ಬಾಕ್ಸು. ಯಾರ ಪತ್ರವಾದರೂ ಅದಕ್ಕೇ ಬಂದು ಬೀಳಬೇಕು. ಆ ವಾರ ಊರಿಗಾಂನ ಓಬಳಮ್ಮ ದಿನವೂ ಬಂದು ಬೆಂಚಿನ ಮೇಲೆ ಕೂರುತ್ತಿದ್ದಳು. ಗಂಡ ಬಚ್ಚಪ್ಪನ ಎದೆ ಆಪರೇಷನ್ನಿಗೆ ವೆಲ್ಲೂರಿನ ಆಸ್ಪತ್ರೆಯಿಂದ ತಾರೀಕು ಬರಬೇಕಿತ್ತು. ಬಂದ ದಿನವೇ ಒಪ್ಪಿಗೆ ಕಳಿಸದಿದ್ದರೆ ಸರದಿ ಇನ್ನೊಬ್ಬರ ಪಾಲು. ಮತ್ತೊಂದು ಸರದಿಗೆ ಕಾಯುವ ತ್ರಾಣ ಬಚ್ಚಪ್ಪನಿಗೆ ಇರಲಿಲ್ಲ.

ಗುರುವಾರ ಬೆಳಿಗ್ಗೆ ಬಂದದ್ದು ಬೇರೆಯೇ ಪತ್ರ. ಬರೆದವರು ಮೇಲ್ ಕಂಪನಿಯವರಂತೆ. ಒಂದು ಗಂಟೆಯೊಳಗೆ ಪಾಸ್‌ವರ್ಡ್ ಕಳಿಸದಿದ್ದರೆ ಬಾಕ್ಸು ಬಂದ್!

ವರಲಕ್ಷ್ಮಮ್ಮ ಕೂಡಲೇ ಉತ್ತರ ಬರೆಯಲು ಕೂತಳು. ಅವಳದೇನು ತಪ್ಪು, ಪಾಪ? ಗಣಿಯ ಆಳುಗಳಿಗೆ ಕಂಪನಿ ಕಟ್ಟಿಸಿದ ಲೈನ್‌ಮನೆಯಲ್ಲಿ ಹುಟ್ಟಿ ಬೆಳೆದವಳು. ಅಲ್ಲಿ ನೀರು ಬಿಡುವುದೂ ಕಂಪನಿ, ಲೈಟು ಕೊಡುವುದೂ ಕಂಪನಿ. ಕಂಪನಿ ಹೇಳಿತು ಅಂದರೆ ಆ ಊರಿನವರ ಬಾಯಲ್ಲಿ ಎದುರುಮಾತೇ ಹೊರಡದು. ಪಾಸ್‌ವರ್ಡಿನ ನಾಲ್ಕು ಅಕ್ಷರ ಟೈಪಾಗಿಯೇ ಹೋಯಿತು.

“ಇರಮ್ಮ, ಕೈ ತೆಗಿ,” ಎಂದ ಬೆಂಚಿನ ತುದಿಯಲ್ಲಿ ಕೂತಿದ್ದ ಪೆರುಮಾಳ್. ಮೂವತ್ತು ವರ್ಷ ಗಣಿಬಾವಿಯ ಶಾಫ್ಟಿನ ಬಾಯಲ್ಲಿ ನಿಂತು, ಆಳುಗಳನ್ನು ಹೊರುವ ಕೇಜು ಎತ್ತಲು ಇಳಿಸಲು ಬೆಲ್ಲು ಹೊಡೆದು ರಿಟೈರಾದ ಮುದುಕ. ಕಂಪ್ಯೂಟರನ್ನು ಮುಟ್ಟಿದವನೇ ಅಲ್ಲ. “ಏನು ಕೇಳ್ತಾ ಅವ್ರೆ?”

ಅವಳು ಓದಿ ಹೇಳಿದಳು. “ತಡ ಆದ್ರೆ ಓಬಳಕ್ಕನ ತಾರೀಕು ಓಯ್ತದೆ, ಪೆರುಮಾಳಣ್ಣ!”

“ಕೆಳಗಿಂದ ಬೆಲ್ಲು ಬಂತು ಅಂತ ನಾನು ಕೇಜು ಎತ್ತಿಸ್ತಿರಲಿಲ್ಲ ಕಣಮ್ಮ. ಅಷ್ಟೇ ಬೆಲ್ಲು ವಾಪಸ್ ಒಡೀತಿದ್ದೆ. ಕೆಳಗಿನೋನು ಔದು ಅಂದ್ರೇನೇ ಎತ್ತೋದು. ಸಾಹೇಬ್ರು ಬೈದ್ರೂ ಅಷ್ಟೇ. ನೀನೂ ವಾಪಸ್ ಕೇಳು.”

“ಇದಕ್ಕೇ ಉತ್ತರ ಬರೀಲಾ?”

“ಕಳ್ಳನ್ನೇ ಇಡ್ಕೊಂಡು ನೀನು ಕಳ್ಳನಾ ಅಂತ ಕೇಳ್ತೀಯಾ? ಕನೆಕ್ಷನ್ ಕೊಟ್ಟಾಗ ಒಂದು ನಂಬರ್ ಕೊಟ್ಟಿರ್ತಾರಲ್ಲ, ಅದಕ್ಕೆ ಫೋನ್ ಮಾಡು.”

ಎಂಥ ತಲೆ ನೋಡಿ ಮುದುಕನದು! ಅವಳು ಹಳೇ ಕಾಗದ ಹುಡುಕಿ ಬೆಂಗಳೂರಿನ ಮೇಲ್ ಕಂಪನಿಗೆ ಫೋನ್ ಮಾಡಿದಳು. ನಾಲ್ಕು ಸಲ ಎಂಗೇಜು. ಗಂಟೆ ಮುಗಿಯುತ್ತ ಬಂತು, ಓಬಳಮ್ಮ ಸೆರಗು ಕಚ್ಚಿಕೊಂಡು ಕೂತಿದ್ದಳು. ಐದನೆಯ ಸಲ ಸಿಕ್ಕವನು ವಿಷಯ ಕೇಳಿ ಕೂಗಿಯೇಬಿಟ್ಟ: “ಕೊಡಬೇಡಿ ಮೇಡಂ! ನಾವು ಯಾರ ಪಾಸ್‌ವರ್ಡೂ ಕೇಳೋದಿಲ್ಲ. ಬಂಗಾರಪೇಟೆಯಲ್ಲಿ ಒಬ್ಬರು ನಿನ್ನೆ ಕೊಟ್ಟುಬಿಟ್ಟರು. ಕಳ್ಳರು ಪಾಸ್‌ವರ್ಡ್ ಬದಲಾಯಿಸಿ ಅವರನ್ನೇ ಹೊರಗೆ ಹಾಕಿದ್ದಾರೆ. ನಿಮಗೆ ಹೇಗೆ ಅನುಮಾನ ಬಂತು?”

ವರಲಕ್ಷ್ಮಮ್ಮ ಟೈಪಾಗಿದ್ದ ನಾಲ್ಕು ಅಕ್ಷರ ಅಳಿಸಿದಳು. “ನಮ್ಮ ಪೆರುಮಾಳಣ್ಣ ಇದ್ರು,” ಅಂದಳು.

ಬಾಕ್ಸು ಬಂದ್ ಆಗಲಿಲ್ಲ. ಮಧ್ಯಾಹ್ನ ಮೂರಕ್ಕೆ ವೆಲ್ಲೂರಿನ ಪತ್ರ ಬಂತು: ಸೋಮವಾರ ಆಪರೇಷನ್. ಯಾರೂ ಹೇಳದೆಯೇ ವರಲಕ್ಷ್ಮಮ್ಮ ಆಸ್ಪತ್ರೆಗೆ ಫೋನ್ ಹಚ್ಚಿ ಕೇಳಿದಳು. “ಔದಂತೆ ಓಬಳಕ್ಕ, ನಿಜವಂತೆ!”

ಓಬಳಮ್ಮ ಕಣ್ಣು ತುಂಬಿಕೊಂಡು ಕಂಪ್ಯೂಟರಿಗೆ ಕೈ ಮುಗಿದಳು. ವರಲಕ್ಷ್ಮಮ್ಮ ಅವಳ ಭುಜ ಹಿಡಿದು ಪೆರುಮಾಳನ ಕಡೆಗೆ ತಿರುಗಿಸಿದಳು.

“ಮೊದ್ಲು ಒಪ್ಪಿಗೆ ಕಳಿಸ್ರಮ್ಮ,” ಎಂದು ಗದರಿದ ಮುದುಕ, “ಆಮೇಲೆ ಅಳುವಿರಂತೆ.”