ಕೀಲಿಗೆ ಬಗ್ಗದ ವೈರು

ನಾನು ಒಂದು ತುಂಡು ವೈರು. ಮಾರುದ್ದ ಇದ್ದೇನೆ, ಮೈಮೇಲೆ ಕೆಂಪು ಪ್ಲಾಸ್ಟಿಕ್ಕು, ಒಳಗೆ ತಾಮ್ರದ ಎಳೆಗಳು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ದೊಡ್ಡ ಸುರುಳಿಯಿಂದ ನನ್ನನ್ನು ಕತ್ತರಿಸಿದಾಗ, ಯಾವುದೋ ಬಂಗಲೆಯಲ್ಲಿ ದೀಪ ಉರಿಸುವ ಕನಸು ಕಂಡಿದ್ದೆ. ಆದರೆ ಧಾರವಾಡದ ವೆಂಕೋಬರಾಯರು ನನ್ನ ಎರಡೂ ತುದಿಗೆ ಕ್ಲಿಪ್ಪು ಹಾಕಿ, ತಮ್ಮ ಹಳೆಯ ಕಾರಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಸುತ್ತಿಟ್ಟು, “ಇದು ಸ್ಟೆಪ್ನಿ ವೈರು” ಎಂದರು. ಟೈರಿಗಾದರೆ ಸ್ಟೆಪ್ನಿ ಎಂದರೂ ಒಂದು ಮರ್ಯಾದೆ ಇದೆ, ನನಗೇನಿದೆ? ವರ್ಷಗಟ್ಟಲೆ ಬಡೇಸೋಪಿನ ಪುಡಿ ಮೆತ್ತಿಕೊಂಡು ಬಿದ್ದಿದ್ದೆ.

ರಾಯರ ಕಣ್ಣು ಪೂರ್ತಿ ಮಂಜಾದ ಮೇಲೆ ಸ್ಟೇರಿಂಗು ಅವರ ಹೆಂಡತಿ ಪದ್ಮಾವತಿಬಾಯಿಯವರ ಕೈಗೆ ಬಂತು. ರಾಯರು ಬೋನೆಟ್ಟಿನೊಳಗೆ ತಡಕಾಡಿ, ಅವರ ಕೈಗೆ ಒಂದೊಂದೇ ವೈರು ಮುಟ್ಟಿಸಿದರು.

“ಬ್ಯಾಟರಿಯಿಂದ ಕರೆಂಟು ಕೀಲಿಗೆ ಹೋಗ್ತದ, ಕೀಲಿಯಿಂದ ಇಗ್ನಿಷನ್ ಕಾಯಿಲ್ಲಿಗೆ. ಅಲ್ಲಿಂದ ಕಿಡಿ.”

“ನಡುವ ಕೀಲಿ ಕೈಕೊಟ್ಟರ?”

“ಅದಕ್ಕ ಈ ವೈರು. ಬ್ಯಾಟರಿಯಿಂದ ಸೀದಾ ಕಾಯಿಲ್ಲಿಗೆ ಹಚ್ಚೂದು.”

ಬೆಳಗಾವಿಯಲ್ಲಿದ್ದ ರಾಯರ ತಮ್ಮ ಪ್ರಾಣೇಶ ಕಾರಿಗೆ ಗಿರಾಕಿ ಹುಡುಕಿಟ್ಟಿದ್ದ. ಇನ್ನೊಮ್ಮೆ ದಾರಿಯಲ್ಲಿ ಯಾರಾದರೂ ತಳ್ಳಬೇಕಾಗಿ ಬಂದರೆ ಮಾರಿಬಿಡಬೇಕೆಂದು ಅಣ್ಣನಿಂದ ಮಾತು ತೆಗೆದುಕೊಂಡಿದ್ದ. ಏನೂ ಕಾಣದ ರಾಯರಿಗೆ ಆ ಎಂಜಿನ್ನಿನ ಸದ್ದೇ ದಾರಿ, ಊರು, ತಿರುಗಾಟ ಎಲ್ಲ. ಅದು ಹೋದರೆ ಅವರಿಗೆ ಉಳಿಯುವುದು ಪಡಸಾಲೆಯ ಕುರ್ಚಿ ಮಾತ್ರ.

ಪ್ರಾಣೇಶನ ಮನೆಗೆ ಹೊರಟ ದಿನ ಕಿತ್ತೂರು ದಾಟುತ್ತಲೇ ಎಂಜಿನ್ನು ನಿಂತಿತು. ಹೊಲದಲ್ಲಿದ್ದ ಇಬ್ಬರು ಓಡಿ ಬಂದರು.

“ದಬ್ಬೂಣೇನ್ರಿ ಅವ್ವಾರ?”

“ಬ್ಯಾಡ್ರಪಾ, ತಡೀರಿ.”

ರಾಯರ ಮುಖ ಬಾಡಿಹೋಗಿತ್ತು. ಪದ್ಮಾವತಿಬಾಯಿಯವರು ಹಾರ್ನ್ ಒತ್ತಿದರು, ಕೂಗಿತು. ಅಂದರೆ ಬ್ಯಾಟರಿ ಜೀವಂತ. ಕೀಲಿ ತಿರುವಿದರು, ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತಲಿಲ್ಲ. “ಕೀಲಿದ ಇದು ಬ್ಯಾನಿ” ಎಂದು ತಮಗೆ ತಾವೇ ಹೇಳಿಕೊಂಡು ನನ್ನನ್ನು ಎಳೆದು ತೆಗೆದರು. ಒಂದು ಕ್ಲಿಪ್ಪು ಬ್ಯಾಟರಿಗೆ, ಇನ್ನೊಂದು ಕಾಯಿಲ್ಲಿಗೆ. ಆ ಕಾರಿನ ಸ್ಟಾರ್ಟರಿಗೆ ಬೇರೆಯೇ ಗುಂಡಿ. ಅದನ್ನು ಜಗ್ಗಿದ ಕೂಡಲೇ ಎಂಜಿನ್ನು ಚಾಲೂ ಆಯಿತು. ನನಗೋ ಖುಷಿಗಿಂತ ಭಯವೇ ಹೆಚ್ಚು. ಬೆಳಗಾವಿಯವರೆಗೂ ಎಲ್ಲಿ ಜಾರಿಬಿಡುತ್ತೇನೋ ಎಂದು ಕಚ್ಚಿ ಹಿಡಿದುಕೊಂಡಿದ್ದೆ.

ಪ್ರಾಣೇಶನ ಮನೆ ಮುಂದೆ ಬಾಯಿಯವರು ಠೀವಿಯಿಂದ ಕೀಲಿ ತೆಗೆದರು. ಎಂಜಿನ್ನು ನಿಲ್ಲಲೇ ಇಲ್ಲ! ಕೀಲಿಯ ಹಂಗಿಲ್ಲದ ದಾರಿ ನನ್ನದು. ಅವರು ಇಳಿದು, ಬೋನೆಟ್ಟೆತ್ತಿ, ಸೆರಗಿನಲ್ಲಿ ಹಿಡಿದು ನನ್ನನ್ನು ಬಿಡಿಸಿದರು. ಸದ್ದಡಗಿತು.

“ನಿಂತ ಹೋತಲ್ಲ ವೈನಿ! ದಬ್ಬವರನ್ನ ಕರೀಲೇನು?” ಎಂದು ಪ್ರಾಣೇಶ ನಕ್ಕ.

“ತಾನ ನಿಂತಿಲ್ಲೋ ಪ್ರಾಣೇಶ, ನಾ ನಿಂದರಿಸೀನಿ.” ನನ್ನನ್ನು ಮತ್ತೆ ಸಿಕ್ಕಿಸಿ ಗುಂಡಿ ಜಗ್ಗಿದರು. ಎಂಜಿನ್ನು ಗುಡುಗುಡಿಸಿತು.

ಸೀಟಿನಲ್ಲೇ ಕೂತಿದ್ದ ರಾಯರ ಕಣ್ಣು ತುಂಬಿತು. “ಗಿರಾಕಿಗೆ ಇಲ್ಲಂತ ಹೇಳಿಬಿಡು” ಎಂದರು ತಮ್ಮನಿಗೆ.

ಬೆಳಗಾವಿಯಲ್ಲೇ ಕಾರಿಗೆ ಹೊಸ ಕೀಲಿ ಬಂತು. ಬರಬರುತ್ತ ನನ್ನ ಮೈ ಬಿರುಕು ಬಿಟ್ಟಿತು, ಗೂಡಿಗೆ ಬೇರೆ ವೈರು ಸೇರಿತು. ಈಗ ಅಂಗಳದ ಮಲ್ಲಿಗೆ ಬಳ್ಳಿಯನ್ನು ಗೇಟಿನ ಕಂಬಕ್ಕೆ ಬಿಗಿದುಕೊಂಡಿದ್ದೇನೆ. ನನ್ನಲ್ಲಿ ಕರೆಂಟು ಹರಿದದ್ದು ಅದೊಂದೇ ದಿನ. ಬಾಳಿಗೆ ಅಷ್ಟು ಸಾಕು ಅನ್ನಿಸುತ್ತದೆ.

ಕಾರು ಗೇಟು ದಾಟುವಾಗ ರಾಯರು “ಇವತ್ತ ಎಲ್ಲಿಗೆ?” ಎಂದು ಕೇಳುತ್ತಾರೆ. “ನೀವ ಹೇಳ್ರಿ ನೋಡೂಣು” ಎಂದು ಬಾಯಿಯವರು ಗೇರು ಹಾಕುತ್ತಾರೆ.